ಸೀಟಿನ ತಕ್ಕಡಿಯಲ್ಲಿ ನಮ್ಮ ಮಕ್ಕಳು



ಹಿಂದೆ ಮನೆಗೆ ಬಂದ ಹಿರಿಯರು ಮಗುವನ್ನು ಹತ್ತಿರ ಕರೆದು, ಹೆಸರೇನು, ಏನು ಓದುತ್ತಿರುವೆ, ಯಾವ ಪಾಠ ಇಷ್ಟ ಎಂದು ವಿಚಾರಿಸುತ್ತಿದ್ದರು. ಈಗ ಅವರು ಮಗುವಿನ ಮುಖವನ್ನು ನೋಡದೆ ತಂದೆಯ ಕಡೆಗೆ ತಿರುಗಿ, "ಹುಡುಗನಿಗೆ ಚಾನ್ಸ್ ಇದೆಯೇನ್ರೀ?" ಎಂದು ಕೇಳುತ್ತಾರೆ. ತಂದೆ ಲೆಕ್ಕ ಒಪ್ಪಿಸುತ್ತಾನೆ. ಮಗು ಎದುರಿಗೇ ನಿಂತು ತನ್ನ ಬೆಲೆಯ ಚರ್ಚೆಯನ್ನು ಕೇಳುತ್ತಿರುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನೆಲೆಸಿರುವ ನಮ್ಮ ಭಕ್ತ ಕುಟುಂಬಗಳಲ್ಲಿ ಎಂಟನೆಯ ತರಗತಿಯಿಂದಲೇ ಈ ತೂಕ ಆರಂಭವಾಗುತ್ತದೆ. ಐ.ಐ.ಟಿ. ಸಿಕ್ಕೀತೇ, ವೈದ್ಯಕೀಯ ಸಿಕ್ಕೀತೇ, ಹೋಗಲಿ, ಮೈಸೂರು ರಸ್ತೆಯ ಹೆಸರಾಂತ ಇಂಜಿನಿಯರಿಂಗ್ ಕಾಲೇಜಾದರೂ ಸಿಕ್ಕೀತೇ ಎಂಬ ಚಿಂತೆ ಊಟದ ಹೊತ್ತಿನಲ್ಲಿಯೂ ಬಿಡುವುದಿಲ್ಲ.

ಈ ಚಿಂತೆಯನ್ನು ನಾನು ಹಾಸ್ಯ ಮಾಡಲಾರೆ. ಹಳ್ಳಿಯ ಜಮೀನನ್ನು ಬಿಟ್ಟು ಬಂದು, ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದು, ಮೂವತ್ತು ನಲವತ್ತರ ನಿವೇಶನದಲ್ಲಿ ಒಂದು ಮನೆ ಕಟ್ಟಿಕೊಂಡವರಿಗೆ ಮಕ್ಕಳ ವಿದ್ಯೆಯ ಹೊರತು ಬೇರೆ ಆಸ್ತಿ ಏನಿದೆ? ಆದರೆ ನಾವು ತೂಗುತ್ತಿರುವ ವಸ್ತು ಯಾವುದು, ತಕ್ಕಡಿ ಯಾರದು ಎಂಬುದನ್ನು ಪರಾಮರ್ಶಿಸದೆ ಇರುವುದು ಮಾತ್ರ ಶೋಚನೀಯ. ಸೀಟು ದೊರೆಯುವ ಸಂಭವವೆಂಬುದು ಮಗುವಿನೊಳಗೆ ಅಡಗಿರುವ ಗುಣವೆಂದು ನಾವು ನಂಬಿದ್ದೇವೆ. ಅದು ಬಹುಪಾಲು ಇರುವುದು ಸೀಟುಗಳ ಸಂಖ್ಯೆಯಲ್ಲಿ, ಅರ್ಜಿದಾರರ ಸಾಲಿನಲ್ಲಿ, ಆಯಾ ವರ್ಷದ ನಿಯಮದಲ್ಲಿ. ಅದನ್ನು ಮಗುವಿನ ತೂಕವೆಂದು ಭ್ರಮಿಸಿ, ಆ ತೂಕದಂತೆ ಪ್ರೀತಿಯನ್ನೂ ಹಣವನ್ನೂ ಆಶ್ರಯವನ್ನೂ ಅಳೆದು ಹಂಚುವುದು ಅನ್ಯಾಯ. ಕೋಚಿಂಗ್ ಅಂಗಡಿಯವರು ಈ ಅನ್ಯಾಯ ಮಾಡುತ್ತಾರೆಂದು ದೂರುವುದು ಸುಲಭ. ಮಠದ ಅನ್ನ ಉಂಡು ಬೆಳೆದ ನಾವೂ, ನಮ್ಮ ಸಂಘಸಂಸ್ಥೆಗಳೂ ಅದೇ ತಕ್ಕಡಿಯನ್ನು ಹಿಡಿದಿದ್ದೇವೆ ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ. ಇಂದು ನಾನು ಬರೆಯಹೊರಟಿರುವುದು ಆ ಕಷ್ಟದ ಮಾತನ್ನೇ.

ಮೊದಲು ಅಂಕಿಗಳನ್ನು ನೋಡೋಣ. 2024ರಲ್ಲಿ ಜೆ.ಇ.ಇ. ಮುಖ್ಯ ಪರೀಕ್ಷೆಗೆ ಕುಳಿತವರು ಸುಮಾರು 14 ಲಕ್ಷ ಮಂದಿ. ಅಡ್ವಾನ್ಸ್‌ಡ್ ಎಂಬ ಎರಡನೆಯ ಪರೀಕ್ಷೆಯನ್ನು ಬರೆದವರು 1 ಲಕ್ಷ 80 ಸಾವಿರ. ತೇರ್ಗಡೆಯಾದವರು 48 ಸಾವಿರಕ್ಕೆ ಸ್ವಲ್ಪ ಮೇಲೆ. ದೇಶದ 23 ಐ.ಐ.ಟಿ.ಗಳಲ್ಲಿ ಇದ್ದ ಸೀಟುಗಳು 17,740. ಮೊದಲ ಮೆಟ್ಟಿಲ ಮೇಲೆ ನಿಂತ ಎಂಬತ್ತು ಮಕ್ಕಳಿಗೆ ಒಂದು ಸೀಟು ಎಂದಾಯಿತು. ಅಷ್ಟೇಕೆ, ಎರಡೂ ಪರೀಕ್ಷೆಗಳನ್ನು ಗೆದ್ದು ಅರ್ಹರೆಂದು ಮುದ್ರೆ ಪಡೆದವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕುಳಿತುಕೊಳ್ಳಲು ಸ್ಥಳವಿರಲಿಲ್ಲ. ವೈದ್ಯಕೀಯದ ಕಡೆಗೆ ಬಂದರೆ, ಅದೇ ವರ್ಷ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಅವುಗಳಲ್ಲಿ ಸರ್ಕಾರಿ ಕಾಲೇಜಿನವು, ಎಂದರೆ ನಮ್ಮಂಥವರ ಕೈಗೆ ಎಟುಕುವ ಶುಲ್ಕದವು, ಸುಮಾರು ಅರ್ಧ.

ನಾಳೆ ಬೆಳಗಾಗುವುದರೊಳಗೆ ಈ ದೇಶದ ಎಲ್ಲ ಮಕ್ಕಳ ಬುದ್ಧಿಯೂ ಶ್ರಮವೂ ಇಮ್ಮಡಿಯಾಯಿತೆಂದು ಊಹಿಸಿಕೊಳ್ಳಿ. ಐ.ಐ.ಟಿ. ಸೀಟು ತಪ್ಪಿದವರ ಸಂಖ್ಯೆಯಲ್ಲಿ ಒಂದಾದರೂ ಕಡಿಮೆಯಾದೀತೇ? ಆಗದು. ಸೀಟು 17,740 ಇದ್ದರೆ ಪಡೆಯುವವರೂ 17,740. ದಾಸೋಹದ ಪಂಕ್ತಿಯಲ್ಲಿ ಎಲೆ ಮುಗಿದಾಗ ಹೊರಗೆ ನಿಂತವನಿಗೆ, ನಿನಗೆ ಹಸಿವೇ ಇರಲಿಲ್ಲ ಎಂದು ಹೇಳುವವರುಂಟೇ? ಸೀಟು ತಪ್ಪಿದ ಮಗುವಿಗೆ ನಾವು ಹೇಳುತ್ತಿರುವುದು ಹೆಚ್ಚುಕಡಿಮೆ ಅದೇ ಮಾತು.

ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಬಡಾವಣೆಗಳಲ್ಲಿ ಒಂದು ಸುತ್ತು ಬನ್ನಿ. ವಿಜಯನಗರದ ಮಾರುತಿ ಮಂದಿರದ ಸುತ್ತಮುತ್ತ, ರಾಜಾಜಿನಗರದ ನವರಂಗ್ ಬಳಿ, ಬಸವೇಶ್ವರನಗರದ ಹಾವನೂರು ವೃತ್ತದ ಆಸುಪಾಸಿನಲ್ಲಿ ಆಳೆತ್ತರದ ಬೋರ್ಡುಗಳು. ಬೋರ್ಡಿನ ತುಂಬ ಮಕ್ಕಳ ಮುಖಗಳು, ಮುಖದ ಕೆಳಗೆ ರ‍್ಯಾಂಕು. (ಹಾವನೂರು ಎಂಬ ಹೆಸರು ಕಿವಿಗೆ ಬಿದ್ದರೆ 1975ರ ಹಿಂದುಳಿದ ವರ್ಗಗಳ ಆಯೋಗದ ವರದಿ ನೆನಪಾಗುವ ತಲೆಮಾರು ನಮ್ಮದು. ಆ ಪಟ್ಟಿಯಲ್ಲಿ ನಮ್ಮವರ ಹೆಸರಿಲ್ಲವೆಂದು ಅಂದು ಎಷ್ಟು ಸಭೆ, ಎಷ್ಟು ಠರಾವು! ಇಂದು ಈ ಬೋರ್ಡುಗಳಲ್ಲಿ ಹಳ್ಳಿಯಿಂದ ಬಂದ ನಮ್ಮ ಮಕ್ಕಳ ಮುಖವೇ ಇಲ್ಲವೆಂದು ಠರಾವು ಮಾಡುವವರಿಲ್ಲ.) ಬೋರ್ಡಿನಲ್ಲಿ ಹನ್ನೆರಡು ಮುಖಗಳಿದ್ದರೆ, ಆ ವರ್ಷ ಅದೇ ಸಂಸ್ಥೆಗೆ ಹಣ ಕಟ್ಟಿ ಓದಿದವರು ಎಷ್ಟು ಮಂದಿ? ಇನ್ನೂರೇ, ಎರಡು ಸಾವಿರವೇ? ಆ ಹನ್ನೆರಡರಲ್ಲಿ ಎರಡು ವರ್ಷ ಅಲ್ಲಿಯೇ ಕುಳಿತು ಕಲಿತವರೆಷ್ಟು, ಕೊನೆಯ ತಿಂಗಳು ಬಂದು ಅಣಕು ಪರೀಕ್ಷೆ ಬರೆದುಹೋದವರೆಷ್ಟು? ಐದನೆಯ ತರಗತಿಯಲ್ಲಿ ನಮ್ಮ ಮೇಷ್ಟ್ರು ಭಿನ್ನರಾಶಿ ಕಲಿಸುವಾಗ ಮೇಲೆ ಅಂಶ, ಕೆಳಗೆ ಛೇದ, ಛೇದವಿಲ್ಲದೆ ಭಿನ್ನರಾಶಿ ಇಲ್ಲ ಎಂದು ಬೆತ್ತ ತೋರಿಸಿ ಹೇಳಿಕೊಟ್ಟರು. ಈ ವ್ಯಾಪಾರವೆಲ್ಲ ನಿಂತಿರುವುದು ಅಂಶವನ್ನು ಬೋರ್ಡಿಗೇರಿಸಿ ಛೇದವನ್ನು ಬಚ್ಚಿಡುವುದರ ಮೇಲೆ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಹದಿನಾರು ವರ್ಷ ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಕೂಡದು, ರ‍್ಯಾಂಕಿನ ಭರವಸೆ ಕೊಡಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅದೇ ವರ್ಷದ ನವೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಕೋಚಿಂಗ್ ಜಾಹೀರಾತುಗಳ ಬಗೆಗೆ ನಿರ್ಬಂಧಗಳನ್ನು ವಿಧಿಸಿತು. ಸಂತೋಷ. ಆದರೆ ಹದಿಮೂರರ ಮಗುವಿಗೆ ಶಾಲೆಯೊಳಗೇ ಫೌಂಡೇಶನ್ ಎಂಬ ಹೆಸರಿನಲ್ಲಿ ಅದೇ ಪಾಠ ನಡೆಯುವಾಗ ಮಾರ್ಗಸೂಚಿ ಯಾರ ಬಾಗಿಲನ್ನು ಕಾಯಬೇಕು? ಭಾನುವಾರ ಬೆಳಗ್ಗೆ ಉಚಿತ ಪರೀಕ್ಷೆಯೆಂದು ಕರೆಯುತ್ತಾರೆ. ಬರೆದ ಮಕ್ಕಳಿಗೆಲ್ಲ ಶುಲ್ಕದಲ್ಲಿ ಒಂದಿಷ್ಟು ರಿಯಾಯಿತಿ ಗೆದ್ದ ಪತ್ರ ಬರುತ್ತದೆ. ಆಮೇಲೆ ತಂದೆತಾಯಿಯರನ್ನು ಕೂರಿಸಿಕೊಂಡು, ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿ, ನಿಮ್ಮ ಮಗುವಿಗೆ ಶೇಕಡಾ ಇಷ್ಟು ಸಂಭವವಿದೆ, ನಮ್ಮ ವಿಶೇಷ ಬ್ಯಾಚಿಗೆ ಸೇರಿದರೆ ಇಷ್ಟಕ್ಕೆ ಏರುತ್ತದೆ ಎನ್ನುತ್ತಾರೆ. ಏರಿದ ಆ ಶೇಕಡಾಕ್ಕೆ ಬೆಲೆಪಟ್ಟಿ ಇರುತ್ತದೆ. ಆಸ್ಪತ್ರೆಯಲ್ಲಿ ರೋಗದ ಹೆಸರು ಕೇಳಿದ ಗಳಿಗೆಯಲ್ಲಿ ಮನುಷ್ಯ ಏನಕ್ಕೂ ಸಹಿ ಹಾಕುವಂತೆ, ಅಲ್ಲಿ ತಂದೆ ಸಹಿ ಹಾಕುತ್ತಾನೆ.

ಆ ಪರದೆಯ ಮೇಲಿನ ಸಂಖ್ಯೆ ಹುಟ್ಟುವ ಬಗೆಯನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ. ಕಳೆದ ವರ್ಷ ಒಂದು ಕಾಲೇಜಿನ ಒಂದು ವಿಭಾಗಕ್ಕೆ ಕಟ್ಟಕಡೆಯವನಾಗಿ ಸೇರಿದವನ ರ‍್ಯಾಂಕನ್ನು ತೆಗೆದುಕೊಂಡು, ಈ ವರ್ಷದ ಮಗುವಿನ ಅಣಕು ರ‍್ಯಾಂಕನ್ನು ಅದರ ಪಕ್ಕದಲ್ಲಿಡುತ್ತಾರೆ. ತಂತ್ರವೆಲ್ಲ ಹೆಚ್ಚುಕಡಿಮೆ ಇಷ್ಟೇ. ಆದರೆ ಆ ಕೊನೆಯ ರ‍್ಯಾಂಕು ಎಷ್ಟಕ್ಕೆ ನಿಂತಿತೆಂಬುದು ಹಲವು ಸಂಗತಿಗಳನ್ನು ಅವಲಂಬಿಸಿದೆ. ಕಾಲೇಜು ಆ ವರ್ಷ ಎಷ್ಟು ಸೀಟು ಏರಿಸಿಕೊಂಡಿತು, ಎಷ್ಟು ಸುತ್ತು ಹಂಚಿಕೆ ನಡೆಯಿತು, ಮೇಲಿದ್ದವರಲ್ಲಿ ಎಷ್ಟು ಮಂದಿ ಬೇರೆ ಊರಿಗೆ ಹೋದರು, ಕಂಪ್ಯೂಟರ್ ವಿಭಾಗದ ಹುಚ್ಚು ಎಷ್ಟಿತ್ತು ಇವೆಲ್ಲ ಸೇರಿ ಅದು ನಿಲ್ಲುತ್ತದೆ. ಇಂಥ ಅಂಕ ಪಡೆದ ನೂರು ಮಂದಿಯಲ್ಲಿ ಇಷ್ಟು ಮಂದಿಗೆ ಸಿಕ್ಕಿತು ಎಂಬುದು ಗುಂಪಿನ ಮಾತು. ಅದನ್ನು ಒಂದು ಮಗುವಿನ ಹಣೆಯ ಮೇಲೆ ಅಂಟಿಸುವುದು, ಹೋಬಳಿಯ ಮಳೆಯ ಸರಾಸರಿಯನ್ನು ನೋಡಿ ನಿಮ್ಮ ಹೊಲಕ್ಕೆ ನಾಳೆ ಇಷ್ಟು ಮಳೆ ಬರುತ್ತದೆಂದು ಹೇಳಿದ ಹಾಗೆ.

ನಿಯಮ ಬದಲಾದರೆ ಸಂಭವ ಹೇಗೆ ತಲೆಕೆಳಗಾಗುತ್ತದೆಂಬುದಕ್ಕೆ ನಮ್ಮ ರಾಜ್ಯದ ಸಿ.ಇ.ಟಿ.ಯೇ ಸಾಕ್ಷಿ. ಸಾಮಾನ್ಯವಾಗಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿ.ಯು. ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ. 2021ರಲ್ಲಿ ಕೊರೋನಾದಿಂದ ಪಿ.ಯು. ಪರೀಕ್ಷೆ ನಡೆಯದ ಕಾರಣ ಸಿ.ಇ.ಟಿ. ಅಂಕವನ್ನು ಮಾತ್ರ ಹಿಡಿದರು. ಆ ತಂಡದ ಮಕ್ಕಳಲ್ಲಿ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಪರೀಕ್ಷೆ ಬರೆದಾಗ ಅವರ ಪಿ.ಯು. ಅಂಕವನ್ನು ಪರಿಗಣಿಸದೆ ರ‍್ಯಾಂಕು ಕೊಡಲಾಯಿತು. ಪೋಷಕರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಪಿ.ಯು. ಅಂಕವನ್ನೂ ಸೇರಿಸಬೇಕೆಂದಿತು, ಸರ್ಕಾರ ಮೇಲ್ಮನವಿ ಸಲ್ಲಿಸಿತು, ಕೊನೆಗೆ ಒಂದು ಸಂಧಾನಸೂತ್ರ ಒಪ್ಪಿತವಾಗಿ ಅಕ್ಟೋಬರ್ ಮೊದಲಲ್ಲಿ ಹೊಸ ಪಟ್ಟಿ ಹೊರಬಂತು. ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ. ಜುಲೈಗೂ ಅಕ್ಟೋಬರಿಗೂ ನಡುವೆ ಯಾವ ಮಗುವಾದರೂ ಒಂದು ಪುಟ ಹೆಚ್ಚು ಓದಿತ್ತೇ, ಕಲಿತದ್ದನ್ನು ಮರೆತಿತ್ತೇ? 2024ರ ಸಿ.ಇ.ಟಿ.ಯಲ್ಲಂತೂ ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50 ಪ್ರಶ್ನೆಗಳು ಪಠ್ಯಕ್ರಮದ ಹೊರಗಿನವೆಂದು ಕೈಬಿಡಬೇಕಾಯಿತು. ಅದೇ ವರ್ಷದ ನೀಟ್‌ನಲ್ಲಿ ಭೌತಶಾಸ್ತ್ರದ ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಒಪ್ಪಲಾಗಿತ್ತು. ಸರ್ವೋಚ್ಚ ನ್ಯಾಯಾಲಯ ತಜ್ಞರನ್ನು ಕೇಳಿ ಒಂದೇ ಉತ್ತರ ಸರಿ ಎಂದೊಡನೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ಇಳಿಯಿತು. 720ಕ್ಕೆ 720 ಪಡೆದವರೆಂದು ಜೂನಿನಲ್ಲಿ ಮೆರೆದವರು 67 ಮಂದಿ. ಜುಲೈ ಕೊನೆಗೆ ಉಳಿದವರು 17.

ಇನ್ನು ನಮ್ಮ ಕಣ್ಣೆದುರಿನ ಉದಾಹರಣೆ. ವಿಜಯನಗರದಿಂದ ಕೂಗಳತೆಯ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಕರ್ನಾಟಕ ವಿಧಾನಮಂಡಲ 1986ರಲ್ಲಿ ಮಾಡಿದ ಶಾಸನದಿಂದ ಹುಟ್ಟಿದ ಸಂಸ್ಥೆ ಅದು. ದೇಶದಲ್ಲಿಯೇ ಕಾನೂನು ಓದಿಗೆ ಅಗ್ರಸ್ಥಾನ. ಚಂದ್ರಾ ಬಡಾವಣೆಯ ಎಷ್ಟೋ ಮಕ್ಕಳು ದಿನವೂ ಆ ದಾರಿಯಲ್ಲಿ ಓಡಾಡುತ್ತಾರೆ. ಅದರ ಪ್ರವೇಶ ಪರೀಕ್ಷೆಯಾದ ಕ್ಲಾಟ್ ನಡೆದುಬಂದಿರುವುದು ಇಂಗ್ಲಿಷಿನಲ್ಲಿ. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗದವರಿಗೆ 4,000 ರೂಪಾಯಿ. ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ಹುಡುಗಿ ಎಷ್ಟೇ ಸೂಕ್ಷ್ಮಮತಿಯಾದರೂ ಆ ಗೇಟು ಅವಳಿಗೆ ದೆಹಲಿಯಷ್ಟೇ ದೂರ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡಾ 25 ಸೀಟು ಎಂದು 2020ರಲ್ಲಿ ಶಾಸನ ತಿದ್ದುಪಡಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಪಡಿಸಿತು. ಮರುವರ್ಷ ಸಂಸ್ಥೆ ತಾನೇ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25ನ್ನು ಇರಿಸಿತು. ಹದಿನೆಂಟು ತಿಂಗಳೊಳಗೆ ಒಂದು ಮಗುವಿನ ಸಂಭವ ಏರಿ, ಬಿದ್ದು, ಮತ್ತೆ ಏರಿತು. ಮಗು ಇದ್ದಲ್ಲಿಯೇ ಇತ್ತು.

ಹಾಗಾದರೆ ಪರೀಕ್ಷೆಗಳೆಲ್ಲ ಮೋಸವೇ ಎಂದು ತಾವು ಕೇಳಬಹುದು. ಹಾಗೆ ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಹಣದ ಚೀಲ ತಂದವನಿಗೆ ವೈದ್ಯಕೀಯ ಸೀಟು ಎಂಬ ಕಾಲವನ್ನು ನಾವು ಕಂಡಿದ್ದೇವೆ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಶಾಸನ ನಮ್ಮ ರಾಜ್ಯದಲ್ಲಿ 1984ರಲ್ಲಿಯೇ ಬಂದರೂ ಆ ಪಿಡುಗು ನಿಲ್ಲಲಿಲ್ಲ. 1992ರ ಮೋಹಿನಿ ಜೈನ್ ಪ್ರಕರಣದಲ್ಲಿಯೂ 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಛೀಮಾರಿ ಹಾಕಿದ ಮೇಲೆ, 1994ರಲ್ಲಿ ಸಿ.ಇ.ಟಿ. ಆರಂಭವಾಯಿತು. ಕುಷ್ಟಗಿಯ, ಹಡಗಲಿಯ ರೈತನ ಮಗ ಯಾರ ಶಿಫಾರಸೂ ಇಲ್ಲದೆ ಬೆಂಗಳೂರಿಗೆ ಬಂದು ಸೀಟು ಆರಿಸಿಕೊಂಡದ್ದು ಅದರ ಕೃಪೆಯಿಂದ. ಆ ಉಪಕಾರವನ್ನು ಮರೆಯಬಾರದು. ಸೀಟು ಕಡಿಮೆ, ಕೇಳುವವರು ಹೆಚ್ಚು ಎಂದಾಗ ಸಾಲು ನಿಲ್ಲಿಸಲು ಒಂದು ಕ್ರಮ ಬೇಕು. ಪರೀಕ್ಷೆ ಅಂಥ ಒಂದು ಕ್ರಮ. ಸಾಲಿನಲ್ಲಿ ಸಿಕ್ಕ ಜಾಗವನ್ನು ಮನುಷ್ಯನ ಯೋಗ್ಯತೆಯೆಂದು ಓದುವುದಕ್ಕೆ ನನ್ನ ವಿರೋಧ.

ಪರದೇಶದ ದೊಡ್ಡ ವಿಶ್ವವಿದ್ಯಾನಿಲಯಗಳ ಭಕ್ತಿ ಈಗ ರಾಜಾಜಿನಗರಕ್ಕೂ ಬಂದಿದೆ. ಅಲ್ಲಿನ ಸಂಭವವನ್ನು ಅಳೆದುಕೊಡುವ ಸಲಹೆಗಾರರ ಕಚೇರಿಗಳೂ ಬಂದಿವೆ. ಅಮೆರಿಕೆಯ ಹಾರ್ವರ್ಡ್ ಈಚಿನ ವರ್ಷಗಳಲ್ಲಿ ಅರ್ಜಿ ಹಾಕಿದ ನೂರರಲ್ಲಿ ಐವರಿಗಿಂತ ಕಡಿಮೆ ಮಂದಿಯನ್ನು ಸೇರಿಸಿಕೊಂಡಿದೆ. ಅದರ ಮೇಲಿನ ಮೊಕದ್ದಮೆ 2023ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಗುವ ಮುನ್ನ, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೂ ದಾನಿಗಳ ಸಂಬಂಧಿಗಳಿಗೂ ಅಲ್ಲಿ ಎಷ್ಟು ಸಲೀಸು ಎಂಬುದು ಬಹಿರಂಗವಾಯಿತು. ಅದೂ ಶುದ್ಧ ತಕ್ಕಡಿಯಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಈ ತೂಕದಿಂದ ಮನೆಯೊಳಗೆ ಆಗುವ ಹಾನಿಯಲ್ಲಿ ಒಂದನ್ನು ಹೇಳದೆ ಬಿಡಲಾರೆ. ಇಬ್ಬರು ಮಕ್ಕಳಿರುವ ಕಡೆ, ಯಾರಿಗೆ ಸಂಭವ ಹೆಚ್ಚೋ ಅವರಿಗೆ ಹಣ ಹಾಕೋಣ ಎಂಬ ಮಾತು ಬರುತ್ತದೆ. ಲೆಕ್ಕ ನಿಷ್ಪಕ್ಷಪಾತವೆಂದು ಕಾಣುತ್ತದೆ. ಆದರೆ ಒಂಬತ್ತನೆಯ ತರಗತಿಯಿಂದ ಕೋಚಿಂಗಿಗೆ ಹೋದ ಅಣ್ಣನ ಅಂಕವನ್ನು, ಅವನ ತಟ್ಟೆ ತೊಳೆದು ತಾನೇ ಓದಿಕೊಂಡ ತಂಗಿಯ ಅಂಕದ ಪಕ್ಕದಲ್ಲಿಟ್ಟು ಸಂಭವ ಹೇಳುವುದು ಯಾವ ನ್ಯಾಯ? ಅವಳಿಗೆ ಮನೆಯ ಹತ್ತಿರದ ಕಾಲೇಜಿನ ಬಿ.ಎಸ್ಸಿ. ಸಾಕೆನ್ನುತ್ತೇವೆ. ಬಿ.ಎಸ್ಸಿ. ಕೀಳೆಂದು ನಾನು ಹೇಳುತ್ತಿಲ್ಲ. ಅವಳನ್ನು ಯಾರೂ ಕೇಳಲಿಲ್ಲವಲ್ಲ, ಅದು ತಪ್ಪು. ಅಣ್ಣನ ಪಾಡೂ ಸುಖದ್ದಲ್ಲ. ಮನೆಯ ಸಾಲವೆಲ್ಲ ತನ್ನ ಹೆಸರಿನಲ್ಲಿದೆಯೆಂದು ಅರಿತ ಹುಡುಗನಿಗೆ ಫಲಿತಾಂಶದ ದಿನ ಎಂಥದಿರಬೇಕು? ರಾಜಸ್ಥಾನದ ಕೋಟಾದಲ್ಲಿ 2023ರಲ್ಲಿ ವಿದ್ಯಾರ್ಥಿಗಳ ಕೋಣೆಯ ಫ್ಯಾನುಗಳಿಗೆ ಸ್ಪ್ರಿಂಗ್ ಜೋಡಿಸಬೇಕೆಂದು ಜಿಲ್ಲಾಡಳಿತ ಆದೇಶಿಸಬೇಕಾಯಿತು. ಆ ಸ್ಪ್ರಿಂಗ್ ಏಕೆಂದು ವಿವರಿಸುವ ಧೈರ್ಯ ನನಗಿಲ್ಲ.

ಈಗ ನಮ್ಮ ಮಾತು.

ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಗುಬ್ಬಿ ತೋಟದಪ್ಪನವರು ಧರ್ಮಕ್ಕೆ ಹಾಕಿ, 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ತೆರೆದರು. ಅವರ ಹೆಸರಿನ ಧರ್ಮಸಂಸ್ಥೆ ವಿದ್ಯಾರ್ಥಿನಿಲಯವನ್ನೂ ನಡೆಸಿಕೊಂಡು ಬಂತು. ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಧಾರವಾಡ ಮುರುಘಾಮಠದ ಮೃತ್ಯುಂಜಯಪ್ಪಗಳು ಪ್ರಸಾದನಿಲಯಕ್ಕಾಗಿ ಊರೂರು ಅಲೆದು ಭಿಕ್ಷೆ ಎತ್ತಿದರು. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟದ್ದನ್ನು ಅರಿಯದವರಿಲ್ಲ. ಈ ಮಹನೀಯರಲ್ಲಿ ಒಬ್ಬರಾದರೂ ಮಗುವಿನ ಮುಂದೆ ತಕ್ಕಡಿ ಹಿಡಿದು, ನಿನಗೆ ಮುಂದೆ ದೊಡ್ಡ ಹುದ್ದೆ ಸಿಕ್ಕುವ ಸಂಭವ ಎಷ್ಟು, ಅದರ ಮೇಲೆ ಅನ್ನ ಹಾಕುತ್ತೇನೆ ಎಂದಿದ್ದರೆ ನಾವು ಎಲ್ಲಿರುತ್ತಿದ್ದೆವು?

ಮಠದ ಹಳೆಯ ವಿದ್ಯಾರ್ಥಿಗಳಾದ ಮಹನೀಯರೇ, ಇಂದು ತಾವು ಇಂಜಿನಿಯರುಗಳು, ವೈದ್ಯರು, ವಕೀಲರು, ನಿವೃತ್ತ ಅಧಿಕಾರಿಗಳು. ಬೀರುವಿನಿಂದ ತಮ್ಮ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಒಮ್ಮೆ ಹೊರತೆಗೆದು ನೋಡಿ. ಇಂಗ್ಲಿಷಿನಲ್ಲಿ ಎಷ್ಟು? ಗಣಿತದಲ್ಲಿ? ಆ ಅಂಕಪಟ್ಟಿಯನ್ನು ಹಿಡಿದು ಇಂದು ನಮ್ಮದೇ ಸಮಾಜದ ವಿದ್ಯಾರ್ಥಿನಿಲಯಕ್ಕೆ ಹೋದರೆ ಬಾಗಿಲಲ್ಲಿ ನಿಂತವರು ತಮ್ಮನ್ನು ಒಳಗೆ ಬಿಡುತ್ತಾರೆಯೇ? ಎಷ್ಟೋ ಕಡೆ ಅರ್ಜಿಯ ಮೇಲೆಯೇ ಕನಿಷ್ಠ ಶೇಕಡಾವನ್ನು ಅಚ್ಚು ಮಾಡಿದ್ದಾರೆ. ಹಳ್ಳಿಯ ಹುಡುಗನಿಗೆ ಬೆಂಗಳೂರಿನಲ್ಲಿ ಇಳಿದುಕೊಳ್ಳಲು ಒಂದು ಮೂಲೆ ಬೇಕು. ಕೊಡುವ ಮೊದಲು ನಾವು ಅವನನ್ನು ತೂಗುತ್ತೇವೆ. ಬೆಂಗಳೂರಿನಲ್ಲಿ ಸ್ವಂತ ಮನೆಯಿರುವವನ ಮಗ ತಕ್ಕಡಿಯಲ್ಲಿ ಭಾರವಾಗಿ ಕಾಣುತ್ತಾನೆ. ಅವನಿಗೆ ವಿದ್ಯಾರ್ಥಿನಿಲಯ ಬೇಕಿರುವುದಿಲ್ಲ.

ಪ್ರತಿಭಾ ಪುರಸ್ಕಾರವೆಂಬ ಉತ್ಸವವನ್ನಂತೂ ಏನೆಂದು ವರ್ಣಿಸಲಿ? ಜೂನ್‌ನಿಂದ ಆಗಸ್ಟ್‌ವರೆಗೆ ಭಾನುವಾರವೆಂದರೆ ಒಂದಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಒಂದು ಪುರಸ್ಕಾರ. ಶೇಕಡಾ 95ಕ್ಕೆ ಮೇಲ್ಪಟ್ಟವರಿಗೆ ಶಾಲು, ಹಾರ, ಫಲಕ, ಲಕೋಟೆಯಲ್ಲಿ ಹಣ. ಒಂದೇ ಮಗು ಮೂರು ಸಂಘಗಳ ವೇದಿಕೆ ಹತ್ತುವುದೂ ಉಂಟು. ಗೆದ್ದವರನ್ನು ಮೆಚ್ಚುವುದು ತಪ್ಪಲ್ಲ. ಮಗುವಿನ ಶ್ರಮಕ್ಕೆ ನಾಲ್ಕು ಜನರ ಚಪ್ಪಾಳೆ ಸಲ್ಲಬೇಕು. ಆದರೆ ಸಂಘದ ಖಜಾನೆಯಲ್ಲಿ ವಿದ್ಯೆಗೆಂದು ಇರುವ ಹಣದ ಬಹುಪಾಲು ಹಾರ, ಫಲಕ, ಊಟ, ಶಾಮಿಯಾನಕ್ಕೆ ಹೋಗಿ, ಉಳಿದದ್ದು ಈಗಾಗಲೇ ಬೋರ್ಡಿನ ಮೇಲೆ ಮುಖ ಬಂದವರಿಗೇ ಸೇರಿದರೆ, ಶೇಕಡಾ 62 ಪಡೆದು ಸಂಜೆ ದಿನಸಿ ಅಂಗಡಿಯಲ್ಲಿ ತೂಕ ಹಾಕುತ್ತಿರುವ ಕೆಂಗೇರಿಯ ಹುಡುಗನಿಗೆ ಉಳಿಯುವುದು ಏನು? ಅವನು ವೇದಿಕೆಯ ಹಿಂದೆ ಕುರ್ಚಿ ಜೋಡಿಸುವ ಸ್ವಯಂಸೇವಕ. ನಮ್ಮ ಕೆಲವು ಕಾಲೇಜುಗಳೂ ಉತ್ತಮ ರ‍್ಯಾಂಕಿನವರಿಗೆ ಶುಲ್ಕ ಮನ್ನಾ ಮಾಡಿ ಕರೆತಂದು, ಮುಂದಿನ ವರ್ಷದ ಬೋರ್ಡಿಗೆ ಅವರ ಮುಖವನ್ನು ಬಳಸಿಕೊಳ್ಳುತ್ತಿವೆ. ಅಂಗಡಿಯವರಿಂದ ಕಲಿತ ವಿದ್ಯೆ ಇದು. ದಾಸೋಹವೆಂದರೆ ಇದಲ್ಲ ಎಂದು ನಾನು ಹೇಳಿಕೊಡಬೇಕಾದವರು ಈ ಪತ್ರಿಕೆಯ ವಾಚಕರಲ್ಲ.

ಬಡ ತಂದೆ ಖರ್ಚು ಮಾಡುವ ಮುನ್ನ ಲೆಕ್ಕ ಹಾಕಬೇಡವೇ ಎಂದು ಪ್ರಾಜ್ಞರು ಆಕ್ಷೇಪಿಸಿಯಾರು. ಖಂಡಿತ ಹಾಕಬೇಕು. ದಾರಿಯನ್ನು ತೂಗಲಿ, ಅದಕ್ಕೆ ತಗಲುವ ಹಣವನ್ನು ತೂಗಲಿ. ಕೋಚಿಂಗ್ ಕೇಂದ್ರಕ್ಕೆ ಹೋದಾಗ ಬೋರ್ಡನ್ನು ತೋರಿಸಿ, ಸ್ವಾಮೀ, ಇದರ ಛೇದವೆಷ್ಟು ಎಂದು ಬರವಣಿಗೆಯಲ್ಲಿ ಕೇಳಲಿ. ಮಧ್ಯದಲ್ಲಿ ಬಿಟ್ಟರೆ ಹಣ ವಾಪಸು ಬರುತ್ತದೆಯೇ ಎಂದು ಕೇಳಲಿ. ಪರೀಕ್ಷೆಯ ಭಾಷೆಯನ್ನು ವಿಚಾರಿಸಲಿ: ನೀಟ್ ಕನ್ನಡದಲ್ಲಿಯೂ ಬರೆಯಬಹುದು, ಜೆ.ಇ.ಇ. ಮುಖ್ಯ ಪರೀಕ್ಷೆಯೂ 2021ರಿಂದ ಕನ್ನಡದಲ್ಲಿದೆ, ಆದರೆ ಅಡ್ವಾನ್ಸ್‌ಡ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಸಿ.ಇ.ಟಿ. ಅರ್ಜಿ ತುಂಬುವಾಗ ಎಚ್ಚರವಿರಲಿ. ಗ್ರಾಮೀಣ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟುಗಳ ಮೀಸಲಾತಿ ಇದೆ. ನಮ್ಮ ಸಮಾಜ ಪ್ರವರ್ಗ 3ಬಿ ಪಟ್ಟಿಯಲ್ಲಿದೆ. ಇವಕ್ಕೆಲ್ಲ ಶಾಲೆಯ ಮುಖ್ಯೋಪಾಧ್ಯಾಯರಿಂದಲೂ ತಹಶೀಲ್ದಾರರಿಂದಲೂ ತಕ್ಕ ನಮೂನೆಯ ಪ್ರಮಾಣಪತ್ರ ಬೇಕು. ಆ ಕಾಗದವಿಲ್ಲದೆ ಪರಿಶೀಲನೆಗೆ ಹೋದರೆ ಹಕ್ಕಿನ ಸೀಟು ಕೈತಪ್ಪುತ್ತದೆ. ಒಂದು ಮುದ್ರೆಯ ಕಾಗದ ಹಳ್ಳಿಯ ಮಗುವಿನ ಸಂಭವವನ್ನು ಎರಡು ವರ್ಷದ ಕೋಚಿಂಗಿಗಿಂತ ಹೆಚ್ಚು ಏರಿಸುವ ಪ್ರಸಂಗಗಳುಂಟು. ಈ ಕೆಲಸಕ್ಕೆ ಲಕ್ಷಗಳು ಬೇಡ. ರಾಜಾಜಿನಗರದಲ್ಲಿಯೂ ವಿಜಯನಗರದಲ್ಲಿಯೂ ಇರುವ ನಿವೃತ್ತ ಗುಮಾಸ್ತರು, ಮೇಷ್ಟ್ರುಗಳು ವಾರಕ್ಕೊಂದು ಸಂಜೆ ಸಮುದಾಯ ಭವನದಲ್ಲಿ ಮೇಜು ಹಾಕಿಕೊಂಡು ಕುಳಿತರೆ ಸಾಕು.

ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ನಿವೇದನೆ ಇದು. ತಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿಗಳಿಗೆ ಒಂದು ಪತ್ರ ಬರೆಯಿರಿ. ಕಳೆದ ಮೂರು ವರ್ಷ ವಿದ್ಯೆಗೆಂದು ಖರ್ಚಾದ ಹಣದಲ್ಲಿ ಎಷ್ಟು ಸಮಾರಂಭಕ್ಕೆ ಹೋಯಿತು, ಎಷ್ಟು ಶುಲ್ಕ ಕಟ್ಟಲಾರದ ಮಕ್ಕಳಿಗೆ ಹೋಯಿತು ಎಂದು ವಿಚಾರಿಸಿ. ವಿದ್ಯಾರ್ಥಿನಿಲಯದ ಅರ್ಜಿ ನಮೂನೆಯಲ್ಲಿ ಕನಿಷ್ಠ ಶೇಕಡಾವಾರು ಅಂಕದ ಕಲಮನ್ನು ತೆಗೆದು, ಊರು ಎಷ್ಟು ದೂರ, ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ, ಬೆಂಗಳೂರಿನಲ್ಲಿ ಉಳಿಯಲು ಬೇರೆ ಸ್ಥಳವಿದೆಯೇ ಎಂಬ ಮೂರು ಕಲಮುಗಳನ್ನು ಹಾಕಬೇಕೆಂದು ಕೇಳಿ. ಅರ್ಜಿಗಳು ಸಾಮಾನ್ಯವಾಗಿ ಏಪ್ರಿಲ್ ಕೊನೆಯಲ್ಲಿ ಅಚ್ಚಿಗೆ ಹೋಗುತ್ತವೆ. ತಮ್ಮ ಪತ್ರ ಅದಕ್ಕೆ ಮುಂಚೆ ತಲುಪಬೇಕು.